2015ರ ಸ್ವಿಫ್ಟ್ ಡೀಸೆಲ್ ತಗೋಬಹುದಾ?

ಗುಬ್ಬಿ ಹುಡುಗ: ಶಿರಾ ಗೇಟ್ ಹತ್ರ ಗಾಡಿ ನೋಡಿದೀನಿ, ಓಡಿರೋದು 1.1 ಲಕ್ಷ. ದಿನಾ ಗುಬ್ಬಿ–ತುಮಕೂರು ಓಡಾಟ ಅಷ್ಟೆ. ಇಂಜಿನ್ ನಂಬಬಹುದಾ ಅಣ್ಣ?

ಗ್ಯಾರೇಜಿನವ: ಆ 1.3 ಡೀಸೆಲ್ ಮೂಲತಃ ಫಿಯೆಟ್‌ದು, 1248 ಸಿಸಿ, ಗಟ್ಟಿ. ವಾಲ್ವ್ ಆಡ್ಸೋಕೆ ಇದ್ರಲ್ಲಿ ಟೈಮಿಂಗ್ ಬೆಲ್ಟ್ ಅಲ್ಲ, ಚೈನು. ಆಯಿಲ್ ಹೊತ್ತಿಗೆ ಸರಿಯಾಗಿ ಹಾಕ್ಸಿಲ್ಲ ಅಂದ್ರೆ ಅದೇ ಸಡಿಲ ಆಗೋದು. ಬೆಳಿಗ್ಗೆ ಹೋಗಿ, ನೀವು ಬರೋವರೆಗೂ ಸ್ಟಾರ್ಟ್ ಮಾಡ್ಬೇಡಿ ಅಂತ ಓನರ್‌ಗೆ ಮೊದ್ಲೇ ಹೇಳಿ. ತಣ್ಣಗಿರೋ ಇಂಜಿನ್ ಸ್ಟಾರ್ಟ್ ಮಾಡ್ದಾಗ ಗರಗರ ಅಂದ್ರೆ ಚೈನು ಸಡಿಲ ಅಂತ, ವಾಪಸ್ ಬನ್ನಿ. ಆಯಿಲ್ ಮುಚ್ಚಳ ಬಿಚ್ಚಿದಾಗ ಹೊಗೆ ಬುಸ್ ಅಂತ ಬಂದ್ರೂ ಅಷ್ಟೆ, ಪಿಸ್ಟನ್ ರಿಂಗ್ ಸವೆದಿರುತ್ತೆ.

ಕ್ಯಾತ್ಸಂದ್ರದವ: ಇಷ್ಟು ದೂರಕ್ಕೆ ಡೀಸೆಲ್ ಯಾಕೆ ಗುರು? 1.2 ಪೆಟ್ರೋಲ್ ತಗೊ, ಡೀಸೆಲ್‌ನಲ್ಲಿರೋ ಟರ್ಬೊ (ಇಂಜಿನ್‌ಗೆ ಗಾಳಿ ತುಂಬೋ ಭಾಗ) ತಲೆನೋವೇ ಇಲ್ಲ.

ಗುಬ್ಬಿ ಹುಡುಗ: ಪೆಟ್ರೋಲ್‌ಗೆ ಐವತ್ತು ಸಾವಿರ ಜಾಸ್ತಿ ಹೇಳ್ತಾವ್ರೆ.

ಗ್ಯಾರೇಜಿನವ: ಚೌಕಾಸಿ ಮಾಡಿ. ಭಾನುವಾರ ಗಾಡಿ ತನ್ನಿ, ನೋಡಿ ಹೇಳ್ತೀನಿ.