ಕಲಾದಗಿ ಶಿಲಾಸ್ತರಗಳ ನಕ್ಷೆಗೆ ಕ್ಯೂಜಿಐಎಸ್‌ನಲ್ಲಿ ಬಣ್ಣಗಳನ್ನು ನಿಗದಿಪಡಿಸುವುದು ಹೇಗೆ?

ಪ್ರಶ್ನೆ: ಭೂವಿಜ್ಞಾನ ವಿದ್ಯಾರ್ಥಿನಿ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ಸ್ನಾತಕೋತ್ತರ ಪ್ರಬಂಧಕ್ಕಾಗಿ ಬಾದಾಮಿ, ಲೋಕಾಪುರ ಮತ್ತು ರಾಮದುರ್ಗದ ಸುತ್ತಲಿನ ಪ್ರದೇಶದ ಭೂವೈಜ್ಞಾನಿಕ ನಕ್ಷೆಯನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಮೂಲ ಪದರಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ ಜಾಲತಾಣದಿಂದ ಪಡೆದಿದ್ದೇನೆ. ಪದರದ ಬಣ್ಣಗಳನ್ನು ನಿಗದಿಪಡಿಸುವ ಸಿಂಬಾಲಜಿಯಲ್ಲಿ ಕ್ಯಾಟಗರೈಸ್ಡ್ (ಹೆಸರಿಗೊಂದು ವರ್ಗ) ಆಯ್ದು ಕ್ಲಾಸಿಫೈ ಒತ್ತಿದಾಗ ತಂತ್ರಾಂಶವು ತನಗೆ ತೋಚಿದ ಬಣ್ಣಗಳನ್ನು ಹಚ್ಚುತ್ತದೆ. ಪಕ್ಕದ ಟೋಪೋಶೀಟಿನ (ಸ್ಥಳಾಕೃತಿ ನಕ್ಷೆಯ ಹಾಳೆಯ) ಪದರಕ್ಕೂ ಹೀಗೆಯೇ ಮಾಡಿದರೆ, ಒಂದು ಹಾಳೆಯಲ್ಲಿ ನೀಲಿಯಾಗಿದ್ದ ಸುಣ್ಣಕಲ್ಲು ಗಡಿ ದಾಟಿದ ಕೂಡಲೇ ಕಂದು ಬಣ್ಣಕ್ಕೆ ತಿರುಗುತ್ತದೆ.

ಭೂಮಿಯ ಪ್ರತಿ ಕಾಲಮಾನಕ್ಕೂ ಒಂದು ಬಣ್ಣ ಗೊತ್ತುಪಡಿಸಿರುವ ಅಂತರರಾಷ್ಟ್ರೀಯ ಕಾಲಸ್ತರ ಪಟ್ಟಿಯ ಬಣ್ಣಗಳನ್ನು ಬಳಸಿದರೆ ಸಮಸ್ಯೆ ತೀರೀತೆಂದು ಭಾವಿಸಿದ್ದೆ. ಆದರೆ ಆ ಪಟ್ಟಿಯಲ್ಲಿ ಮೀಸೋಪ್ರೊಟೆರೋಜೋಯಿಕ್ ಕಾಲದ ಆರ್‌ಜಿಬಿ (ಕೆಂಪು, ಹಸಿರು, ನೀಲಿ) ಸಂಖ್ಯೆ 253/180/98, ಅದರ ನಂತರದ ನಿಯೋಪ್ರೊಟೆರೋಜೋಯಿಕ್‌ನದು 254/179/66. ಎರಡೂ ಒಂದೇ ಕಿತ್ತಳೆಯಂತೆ ಕಾಣುವುದರಿಂದ, ಕಲಾದಗಿ ಶಿಲಾಸ್ತರಗಳಲ್ಲಿ ಸಾಮಾನ್ಯವಾಗಿ ಮೊದಲನೆಯದಕ್ಕೆ ಸೇರಿಸಲಾಗುವ, ಕೆಳಗಿನ ಬಾಗಲಕೋಟೆ ಸಮೂಹವೂ ಎರಡನೆಯದಕ್ಕೆ ಸೇರಿಸಲಾಗುವ, ಮೇಲಿನ ಬಾದಾಮಿ ಸಮೂಹವೂ ನಕ್ಷೆಯಲ್ಲಿ ಒಂದರಲ್ಲೊಂದು ಕರಗಿಹೋಗುತ್ತವೆ. ಪ್ರಮಾಣಿತ ಬಣ್ಣಗಳನ್ನು ಕೈಬಿಡಬಹುದೇ? ಕೈಬಿಟ್ಟರೆ ನನ್ನದೇ ಬಣ್ಣಗಳ ಗುಂಪನ್ನು ಎಲ್ಲ ಹಾಳೆಗಳಿಗೂ ಒಂದೇ ರೀತಿ ಅನ್ವಯಿಸುವುದು ಹೇಗೆ?

ಉತ್ತರ 1: ಭೂವಿಜ್ಞಾನ ಉಪನ್ಯಾಸಕ, ಬೆಳಗಾವಿ

ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ: ಕೈಬಿಡಬಹುದು, ಈ ಪ್ರದೇಶದ ಮಟ್ಟಿಗೆ ಕೈಬಿಡುವುದೇ ಒಳ್ಳೆಯದು. ಆ ಪಟ್ಟಿಯ ಬಣ್ಣಗಳು ಶಿಲೆಯ ವಯಸ್ಸನ್ನು ಹೇಳುತ್ತವೆಯೇ ಹೊರತು ಶಿಲೆ ಯಾವುದೆಂದು ಹೇಳುವುದಿಲ್ಲ. ಜಗತ್ತಿನ ಅಥವಾ ದೇಶದ ನಕ್ಷೆಗೆ ಅಷ್ಟು ಸಾಕು. ಆದರೆ ಕಲಾದಗಿ ಕಣಿವೆಯಲ್ಲಿ (ಈ ಸ್ತರಗಳು ಸಂಚಯಗೊಂಡ ತಗ್ಗಿನಲ್ಲಿ) ಓದುಗನು ನೋಡಬಯಸುವುದು, ಮಡಿಕೆಬಿದ್ದ ಬಾಗಲಕೋಟೆ ಸಮೂಹವನ್ನು ಸವೆತವು ಕತ್ತರಿಸಿದ ಮೇಲೆ ಬಾದಾಮಿ ಸಮೂಹದ ಮರಳುಗಲ್ಲು ಹೆಚ್ಚುಕಡಿಮೆ ಮಟ್ಟಸವಾಗಿ ಹಾಸಿಕೊಂಡಿರುವ ಆ ಗಡಿಯನ್ನು. ಅದನ್ನೇ ಅಳಿಸಿಹಾಕುವ ಬಣ್ಣ ಎಷ್ಟು ಪ್ರಮಾಣಿತವಾಗಿದ್ದರೂ ನಿಮಗೆ ಉಪಯೋಗವಿಲ್ಲ.

ನಾನು ವಿದ್ಯಾರ್ಥಿಗಳಿಗೆ ಹೇಳುವ ಕ್ರಮವೆಂದರೆ, ಸಮೂಹಕ್ಕೊಂದು ವರ್ಣ, ಶಿಲೆಗೊಂದು ಛಾಯೆ. ಬಾಗಲಕೋಟೆ ಸಮೂಹದಲ್ಲಿ ಸುಣ್ಣಕಲ್ಲು ಮತ್ತು ಡಾಲಮೈಟ್ ಗಣನೀಯವಾಗಿರುವುದರಿಂದ ಅದಕ್ಕೆ ನೀಲಿಯನ್ನು ಕೊಡಿ. ಸುಣ್ಣಕಲ್ಲಿಗೆ ನೀಲಿ ಹಚ್ಚುವುದು ಹಳೆಯ ರೂಢಿಯೂ ಹೌದು. ಬಣ್ಣದ ಕಿಟಕಿಯಲ್ಲಿ ಹ್ಯೂ (ವರ್ಣ) ಮೌಲ್ಯವನ್ನು 210ರ ಆಸುಪಾಸಿನಲ್ಲಿ ಸ್ಥಿರವಾಗಿಟ್ಟು, ಕ್ವಾರ್ಟ್ಜೈಟ್, ಶೇಲ್, ಸುಣ್ಣಕಲ್ಲುಗಳಿಗೆ ಸ್ಯಾಚುರೇಶನ್ (ಬಣ್ಣದ ಗಾಢತೆ) ಮಾತ್ರ ಬದಲಿಸುತ್ತ ಹೋಗಿ. ಬಾದಾಮಿ ಸಮೂಹಕ್ಕೆ ಕಾವಿಯ ಕಡೆಗೆ ವಾಲುವ ಕಂದು ಹೊಂದುತ್ತದೆ. ಗುಹಾಲಯಗಳ ಬಂಡೆಯನ್ನು ಕಂಡವರಿಗೆ ಅದರ ಕಾರಣವನ್ನು ವಿವರಿಸಬೇಕಾಗಿಲ್ಲ. ತಳದ ನೈಸ್ ಎಂಬ ಪಟ್ಟೆಪಟ್ಟೆಯ ರೂಪಾಂತರ ಶಿಲೆಗೆ ತೆಳು ಗುಲಾಬಿ, ಇಳಕಲ್ ಕಡೆಯ ಗ್ರಾನೈಟ್ ನಿಮ್ಮ ಚೌಕಟ್ಟಿನೊಳಗೆ ಬಂದರೆ ಅದಕ್ಕೆ ಗಾಢ ಗುಲಾಬಿ, ಉತ್ತರದ ಡೆಕ್ಕನ್ ಬಸಾಲ್ಟ್‌ಗೆ ಮಾಸಲು ಹಸಿರು ಸಾಕು. ವಿಸ್ತಾರವಾಗಿ ಹಬ್ಬಿದ ಶಿಲೆಗೆ ತೆಳುಬಣ್ಣವನ್ನೂ ಸಣ್ಣ ಪಟ್ಟಿಗಳಿಗೆ ಗಾಢಬಣ್ಣವನ್ನೂ ಮೀಸಲಿಡಿ. ತಿರುಗುಮುರುಗಾದರೆ ಬಸಾಲ್ಟ್ ಇಡೀ ಹಾಳೆಯನ್ನು ನುಂಗಿಬಿಡುತ್ತದೆ.

ಎರಡನೆಯ ಪ್ರಶ್ನೆಗೆ ಪರಿಹಾರ ತಂತ್ರಾಂಶದಲ್ಲೇ ಇದೆ, ಆದರೆ ಬಹಳ ಜನ ಅದನ್ನು ಗಮನಿಸುವುದಿಲ್ಲ. ಸ್ಟೈಲ್ ಮ್ಯಾನೇಜರಿನಲ್ಲಿ ಪ್ರತಿಯೊಂದು ಶಿಲಾಘಟಕಕ್ಕೂ ಒಂದು ಫಿಲ್ ಸಿಂಬಲ್ (ಬಣ್ಣ ತುಂಬುವ ಚಿಹ್ನೆ) ರಚಿಸಿ, ಪದರದ ಗುಣಲಕ್ಷಣ ಪಟ್ಟಿಯಲ್ಲಿರುವ (ಅಟ್ರಿಬ್ಯೂಟ್ ಟೇಬಲ್) ಹೆಸರನ್ನೇ ಅದಕ್ಕೂ ಕೊಟ್ಟು, ಎಲ್ಲವನ್ನೂ ಎಕ್ಸ್‌ಎಂಎಲ್ ಕಡತವಾಗಿ ಉಳಿಸಿಕೊಳ್ಳಿ. ಬಳಿಕ ಯಾವ ಹಾಳೆಯ ಪದರವನ್ನು ತೆರೆದರೂ ಕ್ಯಾಟಗರೈಸ್ಡ್ ಪುಟದ ಅಡ್ವಾನ್ಸ್ಡ್ ಗುಂಡಿಯಡಿ ಇರುವ ‘ಮ್ಯಾಚ್ ಟು ಸಿಂಬಲ್ಸ್ ಫ್ರಮ್ ಫೈಲ್’ ಆಯ್ಕೆಯಿಂದ ಆ ಕಡತವನ್ನು ತೋರಿಸಿದರೆ, ಹೆಸರು ಹೊಂದಿದ ಪ್ರತಿಯೊಂದು ವರ್ಗಕ್ಕೂ ನೀವು ನಿಗದಿಪಡಿಸಿದ ಬಣ್ಣವೇ ಬರುತ್ತದೆ. ಇಲ್ಲಿ ಹೆಸರಿನ ಕಾಗುಣಿತವೇ ಮುಖ್ಯ. ಒಂದು ಹಾಳೆಯಲ್ಲಿ ‘ಡೆಕ್ಕನ್ ಟ್ರ್ಯಾಪ್’ ಎಂದೂ ಇನ್ನೊಂದರಲ್ಲಿ ‘ಡೆಕ್ಕನ್ ಟ್ರ್ಯಾಪ್ಸ್’ ಎಂದೂ ಇದ್ದರೆ ತಂತ್ರಾಂಶಕ್ಕೆ ಅವು ಎರಡು ಬೇರೆ ಶಿಲೆಗಳು. ಆದ್ದರಿಂದ ಬಣ್ಣಕ್ಕೆ ಕೈಹಾಕುವ ಮೊದಲು ಹೆಸರುಗಳನ್ನು ಏಕರೂಪಗೊಳಿಸಿ. ಕೊನೆಯಲ್ಲಿ ಬರುವ ‘ಆಲ್ ಅದರ್ ವ್ಯಾಲ್ಯೂಸ್’ ವರ್ಗವನ್ನು ಅಳಿಸದೆ ಅದಕ್ಕೊಂದು ಕಣ್ಣುಕುಕ್ಕುವ ಬಣ್ಣ ಕೊಟ್ಟಿಡಿ. ತಪ್ಪಿಹೋದ ಹೆಸರುಗಳೆಲ್ಲ ಅಲ್ಲಿ ಸಿಕ್ಕಿಬೀಳುತ್ತವೆ.

ಉತ್ತರ 2: ಅಂತರ್ಜಲ ಸಮೀಕ್ಷೆ, ವಿಜಯಪುರ

ಉಪನ್ಯಾಸಕರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಪ್ರಮಾಣಿತ ಬಣ್ಣಗಳನ್ನು ಪೂರ್ತಿ ಬಿಟ್ಟುಬಿಡುವುದು ನನಗೆ ಸರಿ ಕಾಣುವುದಿಲ್ಲ. ಮುಂದೆ ಯಾರಾದರೂ ನಿಮ್ಮ ನಕ್ಷೆಯನ್ನು ತಾಳಿಕೋಟೆ ಕಡೆಯ ಭೀಮಾ ಕಣಿವೆಯ ನಕ್ಷೆಯೊಂದಿಗೆ ಜೋಡಿಸಬೇಕಾಗಿ ಬಂದರೆ ವಯಸ್ಸಿನ ಆಧಾರ ಬೇಕಾಗುತ್ತದೆ. ಗುಣಲಕ್ಷಣ ಪಟ್ಟಿಯಲ್ಲಿ ಕಾಲಮಾನಕ್ಕೊಂದು ಪ್ರತ್ಯೇಕ ಕಾಲಂ ಇಟ್ಟು, ಅದೇ ಪದರಕ್ಕೆ ಎರಡನೆಯ ಸ್ಟೈಲ್ ಸೇರಿಸಿಡಿ. ಒಂದೇ ಪದರಕ್ಕೆ ಹಲವು ಸ್ಟೈಲುಗಳನ್ನು ಇಟ್ಟು ಬೇಕಾದಾಗ ಬದಲಿಸಿಕೊಳ್ಳಲು ಕ್ಯೂಜಿಐಎಸ್‌ನಲ್ಲಿ ಅವಕಾಶವಿದೆ.

ಇನ್ನೊಂದು ವಿಷಯ. ಪ್ರಮಾಣಿತ ಪಟ್ಟಿಯಲ್ಲಿ ಕ್ರಿಟೇಶಿಯಸ್ ಕಾಲದ ಹಸಿರು 127/198/78. ಡೆಕ್ಕನ್ ಬಸಾಲ್ಟ್‌ಗೆ ಇದನ್ನು ಹಚ್ಚಿ ಅದರ ಪಕ್ಕದಲ್ಲೇ ಕಲಾದಗಿಯ ಕಿತ್ತಳೆಯನ್ನು ಇಟ್ಟರೆ, ಕೆಂಪು ಹಸಿರುಗಳ ಭೇದ ಕಾಣದವರಿಗೆ ಆ ಗಡಿ ಬಹಳ ಮಸುಕಾಗುತ್ತದೆ. ವ್ಯೂ ಮೆನುವಿನ ಪ್ರಿವ್ಯೂ ಮೋಡ್‌ನಲ್ಲಿ ವರ್ಣಾಂಧತೆಯ ಅನುಕರಣೆ ಇದೆ. ಬಣ್ಣಗಳನ್ನು ಅಂತಿಮಗೊಳಿಸುವ ಮುನ್ನ ಒಮ್ಮೆ ಅದರಲ್ಲಿ ನೋಡಿ. ಅಲ್ಲಿಯೇ ಇರುವ ಕಪ್ಪುಬಿಳುಪಿನ ಆಯ್ಕೆಯೂ ಉಪಯುಕ್ತ, ಏಕೆಂದರೆ ಪ್ರಬಂಧಗಳ ಪ್ರತಿಗಳು ಕೊನೆಗೆ ಸೇರುವುದು ಜೆರಾಕ್ಸ್ ಅಂಗಡಿಯನ್ನೇ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು, ಸರ್. ಹೆಸರುಗಳನ್ನು ಸರಿಪಡಿಸಿದ ಮೇಲೆ ಹಾಳೆಗಳ ಬಣ್ಣ ಹೊಂದಿಕೊಂಡಿತು. ಈಗ ಉಳಿದಿರುವ ತೊಡಕು ಒಂದೇ: ಗುಡ್ಡಸಾಲುಗಳು ಕಾಣಲೆಂದು ಕೆಳಗೆ ಹಿಲ್‌ಶೇಡ್ (ನೆಲದ ಏರಿಳಿತವನ್ನು ನೆರಳಿನಿಂದ ತೋರಿಸುವ ಪದರ) ಇಟ್ಟು ಪದರವನ್ನು ಅರೆಪಾರದರ್ಶಕ ಮಾಡಿದಾಗ, ನಕ್ಷೆಯಲ್ಲಿನ ಬಣ್ಣಕ್ಕೂ, ಯಾವ ಬಣ್ಣ ಯಾವ ಶಿಲೆಯೆಂದು ಹೇಳುವ ಸೂಚಿಯಲ್ಲಿನ ಬಣ್ಣಕ್ಕೂ ತಾಳೆಯಾಗುತ್ತಿಲ್ಲ.

ಉತ್ತರ 3: ನಕ್ಷೆ ವಿನ್ಯಾಸ ಮತ್ತು ಮುದ್ರಣ, ಬೆಳಗಾವಿ

ಮೇಡಂ, ನಕ್ಷೆಯಲ್ಲಿ ನಿಮ್ಮ ಬಣ್ಣದ ಹಿಂದೆ ಹಿಲ್‌ಶೇಡಿನ ಬೂದು ಇದೆ, ಸೂಚಿಯಲ್ಲಿ ಬಿಳಿ ಕಾಗದವಿದೆ. ವ್ಯತ್ಯಾಸ ಬರುವುದು ಅದರಿಂದಲೇ. ಪಾರದರ್ಶಕತೆಯನ್ನು ತೆಗೆದು, ಶಿಲಾಪದರದ ಬ್ಲೆಂಡಿಂಗ್ ಮೋಡನ್ನು ಮಲ್ಟಿಪ್ಲೈ ಮಾಡಿ, ಹಿಲ್‌ಶೇಡಿನ ಬ್ರೈಟ್‌ನೆಸ್ ಏರಿಸಿ ಅದನ್ನು ಬಿಳಿಯ ಹತ್ತಿರಕ್ಕೆ ತನ್ನಿ. ಆಗ ಸಮತಟ್ಟಾದ ಜಾಗದಲ್ಲಿ ಬಣ್ಣವು ಸೂಚಿಗೆ ಸಾಕಷ್ಟು ಹತ್ತಿರ ಬರುತ್ತದೆ, ನೆರಳಿನ ಕಡೆ ಮಾತ್ರ ಕಪ್ಪಾಗುತ್ತದೆ.

ಮುದ್ರಣಕ್ಕೆ ಕೊಡುವಾಗಲೂ ಎಚ್ಚರವಿರಲಿ. ಪರದೆಯ ಆರ್‌ಜಿಬಿ ಬಣ್ಣಗಳು ಯಂತ್ರದ ಸಿಎಂವೈಕೆ (ಸಯಾನ್, ಮಜೆಂಟಾ, ಹಳದಿ, ಕಪ್ಪು) ಶಾಯಿಗೆ ಇಳಿಯುವಾಗ ಹೊಳಪನ್ನು ಕಳೆದುಕೊಳ್ಳುತ್ತವೆ, ಅದರಲ್ಲೂ ಹತ್ತಿರಹತ್ತಿರದ ತೆಳುನೀಲಿಗಳು ಒಂದೇ ಆಗಿಬಿಡುತ್ತವೆ. ಒಂದು ಸಮೂಹದಲ್ಲಿ ನಾಲ್ಕಕ್ಕಿಂತ ಹೆಚ್ಚು ಛಾಯೆಗಳು ಬೇಕಾದರೆ ಬಣ್ಣದ ಮೇಲೆ ವಿನ್ಯಾಸವನ್ನು ಸೇರಿಸಿ: ಸುಣ್ಣಕಲ್ಲಿಗೆ ಇಟ್ಟಿಗೆ ಜೋಡಿಸಿದಂಥ ಗೆರೆ, ಮರಳುಗಲ್ಲಿಗೆ ಚುಕ್ಕಿ. ವಿನ್ಯಾಸದ ಅಳತೆಯನ್ನು ಮಿಲಿಮೀಟರಿನಲ್ಲಿ ಕೊಟ್ಟರೆ ಸ್ಕೇಲ್ ಬದಲಾದರೂ ಕಾಗದದ ಮೇಲೆ ಅದು ಅಷ್ಟೇ ಇರುತ್ತದೆ. ಪೂರ್ತಿ ನಕ್ಷೆಯನ್ನು ಮುದ್ರಿಸುವ ಮೊದಲು ಸೂಚಿಯನ್ನಷ್ಟೇ ಎ4 ಹಾಳೆಯಲ್ಲಿ, ಅದೇ ಯಂತ್ರದಲ್ಲಿ, ಅದೇ ಕಾಗದದ ಮೇಲೆ ತೆಗೆಸಿ ನೋಡಿ.