ಸಹಾಯ ಬೇಕು: ಕಾಡುಹಂದಿ ಬೇಟೆಗೆ ಯಾವ ರೈಫಲ್ ತಗೊಳ್ಳಲಿ?

ಎಲ್ಲರಿಗೂ ನಮಸ್ಕಾರ. ಕಾಡುಹಂದಿ ಬೇಟೆಗೆ ಮೊದಲ ರೈಫಲ್ ಕೊಳ್ಳಬೇಕು ಅಂತಿದ್ದೇನೆ. ಲೈಸೆನ್ಸ್, ಬೇಟೆಯ ಅನುಮತಿ ಎರಡೂ ಇವೆ. ಗೊಂದಲ ಇರೋದು ಕ್ಯಾಲಿಬರ್ (ಗುಂಡಿನ ಅಳತೆ) ಬಗ್ಗೆ.

ಹಂದಿಗಳು ಓಡಾಡೋ ಜಾಗ ದಟ್ಟ ಪೊದೆ. ನೂರು ಮೀಟರ್‌ಗಿಂತ ದೂರ ಗುಂಡು ಹಾರಿಸೋ ಸಂದರ್ಭ ಬರಲ್ಲ. ಪಾಯಿಂಟ್ 223 ಸಾಕು, ಒದೆತ (ಗುಂಡು ಹಾರಿದಾಗ ರೈಫಲ್ ಭುಜಕ್ಕೆ ಗುದ್ದೋದು) ಕಡಿಮೆ ಅಂತ ಕೆಲವರು ಹೇಳುತ್ತಾರೆ. ನನಗೆ ಧೈರ್ಯ ಸಾಲುತ್ತಿಲ್ಲ. ದೊಡ್ಡ ಗಂಡು ಹಂದಿಯ ಭುಜದ ಮೇಲೆ ಚರ್ಮದಡಿ ದಪ್ಪನೆಯ ಗಟ್ಟಿ ಪದರ ಇರುತ್ತದೆ, ಒಳಗೆ ಮೂಳೆ ಬೇರೆ. ಹಗುರ ಗುಂಡು ಅಲ್ಲೇ ಒಡೆದು ನಿಂತರೆ ಪ್ರಾಣಿ ಗಾಯಗೊಂಡು ಪೊದೆ ಸೇರುತ್ತದೆ. ಅದು ನರಳೋದು ಬೇಡ, ಹಿಂದೆ ಹೋದವರಿಗೂ ಅಪಾಯ ಅಲ್ವಾ?

ಹಾಗಾಗಿ ಪಾಯಿಂಟ್ 308 ಬೋಲ್ಟ್ ಆಕ್ಷನ್ (ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಿಂದ ಎಳೆದು ತಳ್ಳೋ ರೈಫಲ್) ಕಡೆ ಮನಸ್ಸು ವಾಲಿದೆ. ಗುಂಡು ಸುಲಭವಾಗಿ ಸಿಗುತ್ತದೆ, 150ರಿಂದ 165 ಗ್ರೇನ್‌ನಲ್ಲಿ (ಗುಂಡಿನ ತೂಕದ ಅಳತೆ) ಆಯ್ಕೆಯೂ ಜಾಸ್ತಿ. ಆದರೆ 30-30 ಕ್ಯಾಲಿಬರ್‌ನ ಲಿವರ್ ಆಕ್ಷನ್ (ಟ್ರಿಗರ್ ಹತ್ತಿರದ ಹಿಡಿಯನ್ನು ಕೆಳಗೆ ಎಳೆದು ಮುಂದಿನ ಗುಂಡು ತುಂಬೋ ರೈಫಲ್) ಗಿಡ್ಡ, ಹಗುರ. ಪೊದೆಯಲ್ಲಿ ತಿರುಗಿಸೋದು ಸಲೀಸು, ಗುಂಪು ಚದುರಿದಾಗ ಎರಡನೇ ಗುಂಡೂ ಬೇಗ.

ಎರಡನ್ನೂ ಬಳಸಿದವರು ದಯವಿಟ್ಟು ಹೇಳಿ. 308ರ ಒದೆತ ಹೊಸಬರಿಗೆ ತಡೆಯುತ್ತಾ? ಹತ್ತಿರದ ಹೊಡೆತಕ್ಕೆ ತಾಮ್ರದ ಗುಂಡು ಒಳ್ಳೆಯದಾ, ಸೀಸದ್ದಾ? ಹಂದಿಯ ಹೃದಯ ತುಂಬಾ ಕೆಳಗೆ, ಮುಂಗಾಲಿನ ಹತ್ತಿರವೇ ಇರುತ್ತದಲ್ಲ, ಪಕ್ಕದಿಂದ ನೀವು ಎಲ್ಲಿಗೆ ಗುರಿ ಇಡುತ್ತೀರಿ? ಸ್ಕೋಪ್ ವಿಷಯ ಸದ್ಯಕ್ಕೆ ಬೇಡ, ಕಡಿಮೆ ಜೂಮಿಂದು ಒಂದು ಇದೆ.