ಹಳೇ ಗಾಲ್ಫ್ ಕ್ಲಬ್ ರಿಪೇರಿ ಮಾಡಿ ಸ್ವಂತ ಬ್ರ್ಯಾಂಡ್‌ನಲ್ಲಿ ಮಾರುವುದು: ನನ್ನ ಗುರುತು ಎಲ್ಲಿ ಹಾಕಲಿ?

ಲೀವನ್ ಕನ್ನಡತಿ:

ಎಲ್ಲರಿಗೂ ನಮಸ್ಕಾರ. ನಾನಿರುವುದು ಸ್ಕಾಟ್ಲೆಂಡಿನ ಫೈಫ್‌ನಲ್ಲಿ, ಲೀವನ್ ಎಂಬ ಕಡಲ ತೀರದ ಊರಲ್ಲಿ. ತವರು ಹಾಸನ. ಗಾಲ್ಫ್ ಅಂದರೆ ದೊಡ್ಡವರ ಆಟ ಅನ್ನುವ ಭಾವನೆ ನಮ್ಮ ಕಡೆ ಇದೆ, ಅಲ್ವಾ? ಇಲ್ಲಿ ಹಾಗಲ್ಲ. ಪ್ಲಂಬರ್, ಮೇಷ್ಟ್ರು, ಬಸ್ ಡ್ರೈವರ್ ಎಲ್ಲರೂ ಆಡುತ್ತಾರೆ. ಯಾವುದಾದರೂ ಹಳೇ ಮನೆ ಖಾಲಿ ಮಾಡಿದರೆ ಅಟ್ಟದಿಂದ ಕ್ಲಬ್‌ಗಳ ಕಟ್ಟು ಇಳಿಯುತ್ತದೆ. ಹಿಕರಿ ಮರದ ಕಾವು, ತುಕ್ಕು ಹಿಡಿದ ಕಬ್ಬಿಣದ ತಲೆ, ಒಣಗಿ ಪುಡಿಯಾಗುತ್ತಿರುವ ಚರ್ಮದ ಹಿಡಿ.

ಪಕ್ಕದ ಮನೆಯ ಅಜ್ಜ ಬಡಗಿಯಾಗಿದ್ದವರು. ಅವರ ಹತ್ತಿರ ಈ ಕೆಲಸ ಕಲಿತೆ. ಅಲುಗಾಡುವ ತಲೆ ಬಿಗಿ ಮಾಡುವುದು, ಸೊಟ್ಟಗಾದ ಕಾವಿಗೆ ಶಾಖ ಕೊಟ್ಟು ನೆಟ್ಟಗೆ ಮಾಡುವುದು, ಹೊಸ ಚರ್ಮ ಸುತ್ತಿ ಮೇಣದ ದಾರದಿಂದ ಕಟ್ಟುವುದು. ಮೊದಲು ಗೆಳೆಯರಿಗೆ ಮಾಡಿಕೊಟ್ಟೆ, ಆಮೇಲೆ ಅವರ ಗೆಳೆಯರು ಕೇಳಿದರು. ಈಗ ಒಂದು ಹೆಸರಿಟ್ಟು ಮಾರೋಣ ಅಂತಿದ್ದೇನೆ.

ಲೋಗೋ ಮಾಡಿಸಲು ಒಬ್ಬ ಡಿಸೈನರ್ ಹತ್ತಿರ ಹೋದೆ. ಅವರ ಸಲಹೆ ಹೀಗಿದೆ: ತಲೆಯನ್ನು ಕನ್ನಡಿಯ ಹಾಗೆ ಹೊಳೆಸಿ, ಕಾವನ್ನು ಉಜ್ಜಿ ಹೊಸ ಮರದ ಬಣ್ಣ ತರಿಸಿ, ಗಾಢ ಬಣ್ಣದ ಚರ್ಮ ಹಾಕಿ, ತಲೆಯ ಬೆನ್ನಿಗೆ ಲೇಸರ್‌ನಲ್ಲಿ ನಮ್ಮ ಲೋಗೋ ಕೊರೆಸಿ. ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ ಅನ್ನುವುದು ನಿಜ.

ಆದರೆ ಈಗ ನನ್ನ ಮೇಜಿನ ಮೇಲಿರುವ ಮ್ಯಾಶಿ ಎಂಬ ಕಬ್ಬಿಣದ ತಲೆಯ ಕ್ಲಬ್ಬಿನ ಬೆನ್ನಲ್ಲಿ ಪುಟ್ಟ ಹಸ್ತದ ಮುದ್ರೆ ಇದೆ. ಇದೇ ಲೀವನ್‌ನ ಜಾರ್ಜ್ ನಿಕೋಲ್ ಅವರ ಗುರುತು ಅದು. ನಾನು ಬ್ರೆಡ್ ತರಲು ಓಡಾಡುವ ಊರಲ್ಲೇ ಕಾಸಿ ಬಡಿದ ಕಬ್ಬಿಣ. ಅದರ ಪಕ್ಕ ನನ್ನ ಲೋಗೋ ಕೊರೆಯಲು ಕೈ ಬರುತ್ತಿಲ್ಲ. ಕೊರೆಯದಿದ್ದರೆ ಇದು ನನ್ನ ಬ್ರ್ಯಾಂಡ್ ಅಂತ ಗೊತ್ತಾಗುವುದು ಹೇಗೆ? ಬೇರೆಯವರ ಹೆಸರಿರುವ ಮಾಲನ್ನು ನನ್ನ ಹೆಸರಲ್ಲಿ ಮಾರಿದರೆ ಕಾನೂನಿನ ತೊಂದರೆ ಇದೆಯಾ? ಈ ಕೆಲಸ ಬಲ್ಲವರು ದಯವಿಟ್ಟು ಹೇಳಿ.

ಟೂಲ್‌ರೂಮ್ ರಾಯರು:

ನೋಡಮ್ಮ, ಕೊರೆಯಬೇಡಿ. ಅದನ್ನು ಮೊದಲು ಹೇಳಿಬಿಡುತ್ತೇನೆ, ಕಾರಣ ಆಮೇಲೆ.

ನಾನು ಬೆಂಗಳೂರಿನಲ್ಲಿ ಟೂಲ್ ರೂಮಿನಲ್ಲಿ, ಅಂದರೆ ಕಾರ್ಖಾನೆಗೆ ಬೇಕಾದ ಉಪಕರಣ ಮಾಡುವ ವಿಭಾಗದಲ್ಲಿ, ಕೆಲಸ ಮಾಡಿ ನಿವೃತ್ತನಾದವನು. ಈಗ ಮಗಳ ಜೊತೆ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ, ಪೈನ್‌ಹರ್ಸ್ಟ್ ಪಕ್ಕದಲ್ಲಿದ್ದೇನೆ. ಇಲ್ಲಿನ ಹೆಸರಾಂತ ಎರಡನೇ ನಂಬರ್ ಗಾಲ್ಫ್ ಕೋರ್ಸ್ ಮಾಡಿದ ಡೊನಾಲ್ಡ್ ರಾಸ್ ನಿಮ್ಮ ಸ್ಕಾಟ್ಲೆಂಡಿನ ಡಾರ್ನಾಕ್‌ನವರು, ಸೇಂಟ್ ಆಂಡ್ರೂಸ್‌ನಲ್ಲಿ ಕೆಲಸ ಕಲಿತವರು. ಹಾಗಾಗಿ ಹಿಕರಿ ಕ್ಲಬ್ ಹುಚ್ಚಿನವರು ಇಲ್ಲೂ ಬಹಳ ಜನ. ಗ್ಯಾರೇಜಿನಲ್ಲಿ ಅವರ ಕ್ಲಬ್‌ಗಳನ್ನು ರಿಪೇರಿ ಮಾಡಿಕೊಡುತ್ತೇನೆ.

ಹಳೇ ಕ್ಲಬ್ ಕೊಳ್ಳುವವನು ಅಂಗಡಿಗೆ ಬಂದರೆ ಮೊದಲು ಏನು ಮಾಡುತ್ತಾನೆ ಗೊತ್ತಾ? ತಲೆಯನ್ನು ತಿರುಗಿಸಿ ಬೆನ್ನಿನ ಮುದ್ರೆಯ ಮೇಲೆ ಹೆಬ್ಬೆರಳು ಆಡಿಸುತ್ತಾನೆ. ಪೈಪ್ ಇದ್ದರೆ ಸೇಂಟ್ ಆಂಡ್ರೂಸ್‌ನ ಟಾಮ್ ಸ್ಟೂವರ್ಟ್. ನಕ್ಷತ್ರ ಇದ್ದರೆ ಕಿಂಗ್‌ಹಾರ್ನ್‌ನ ಗಿಬ್ಸನ್. ಹಸ್ತ ಇದ್ದರೆ ನಿಮ್ಮ ನಿಕೋಲ್. ಆ ಮುದ್ರೆಯ ಅಂಚು ಬೆರಳಿಗೆ ಚುರುಕಾಗಿ ತಾಗಬೇಕು. ಬಫಿಂಗ್ ವೀಲ್‌ಗೆ ಒಂದು ಸಲ ಹಿಡಿದರೆ ಸಾಕು, ಅಂಚು ಸವೆದು ಮೊಂಡಾಗುತ್ತದೆ. ಚೆಂಡಿಗೆ ತಾಗುವ ಮುಖದ ಮೇಲಿನ ಚುಕ್ಕೆ, ಗೀರು ಎಲ್ಲ ತೆಳುವಾಗುತ್ತವೆ. ಹೋದ ಲೋಹವನ್ನು ಯಾವ ಟೂಲ್ ರೂಮೂ ವಾಪಸ್ ತರಲಾರದು.

ತುಕ್ಕಿಗೆ ಸ್ವಲ್ಪ ಎಣ್ಣೆ, ನಾಲ್ಕು ಸೊನ್ನೆಯ (0000, ಅತಿ ನಯವಾದ) ಸ್ಟೀಲ್ ವೂಲ್, ತಾಳ್ಮೆ. ಅಷ್ಟೇ. ಕೆಲವರು ತಲೆಯನ್ನು ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಹಾಕುತ್ತಾರೆ. ತುಕ್ಕು ಹೋಗುತ್ತೆ ನಿಜ, ಜೊತೆಗೆ ಆ ಕಂದು ಮೈಬಣ್ಣವೂ ಹೋಗಿ ಕಬ್ಬಿಣ ಬೂದಿ ಬಣ್ಣಕ್ಕೆ ತಿರುಗುತ್ತದೆ. ಆ ಕಂದು ಬರಲು ಹತ್ತಾರು ವರ್ಷ ಹಿಡಿದಿದೆ. ಏಳುವ ತುಕ್ಕನ್ನು ತೆಗೆಯಿರಿ, ಕೂತ ಬಣ್ಣವನ್ನು ಬಿಡಿ. 1920ರ ದಶಕದ ಕೊನೆಯ ಹೊತ್ತಿನ ಕೆಲವು ತಲೆಗಳ ಮೇಲೆ ‘ರಸ್ಟ್‌ಲೆಸ್’ ಅಂತ ಒತ್ತಿರುತ್ತಾರೆ. ಅವಕ್ಕೆ ಒರೆಸಿದರೆ ಸಾಕು.

ಇನ್ನು ಕಾವು. ಇಲ್ಲೇ ಜಾಸ್ತಿ ಹಾನಿ ಆಗುವುದು. ಹಿಡಿಯ ಕೆಳಗೆ ಮರದ ಮೇಲೆ ತಯಾರಕರದೋ, ಮಾರಿದ ಗಾಲ್ಫ್ ವೃತ್ತಿಗಾರರದೋ ಹೆಸರು ಒತ್ತಿರುವುದುಂಟು. ಬಹಳ ಮೇಲುಮೇಲಿನ ಗುರುತು. ಕೊಳೆ ಮುಚ್ಚಿ ಕಾಣಿಸುವುದೇ ಇಲ್ಲ. ಉಪ್ಪು ಕಾಗದ ಹಾಕಿ ಉಜ್ಜಿದರೆ ಅದು ಇತ್ತು ಅಂತಲೂ ಗೊತ್ತಾಗದೆ ಹೋಗುತ್ತದೆ. ಮರ ತೆಳುವಾದಷ್ಟೂ ಕಾವಿನ ಬಳುಕು ಬೇರೆ ಬದಲಾಗುತ್ತದೆ. ಅದಕ್ಕೆ ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿ, ಅಗಸೆ ಎಣ್ಣೆ ತೆಳ್ಳಗೆ ಕೊಟ್ಟು ಒಣಗಲು ಬಿಡಿ, ಮತ್ತೆ ಕೊಡಿ, ಕೊನೆಗೆ ಅರಗಿನ ಪಾಲಿಶ್. ಅಂದ ಹಾಗೆ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹೊರಗಡೆ ಹರವಿ ಒಣಗಿಸಿ.

ಈಗ ನಿಮ್ಮ ಗುರುತು. ಅದನ್ನು ಹಾಕಬೇಕಾದ್ದು ನೀವು ಹೊಸದಾಗಿ ಹಾಕಿದ ಭಾಗದ ಮೇಲೆ. ಚರ್ಮ ನಿಮ್ಮದು, ಚರ್ಮದ ತುದಿಯಲ್ಲಿ ನಿಮ್ಮ ಮುದ್ರೆ ಒತ್ತಿ. ದಾರ ನಿಮ್ಮದು, ಎಲ್ಲಾ ಕ್ಲಬ್‌ಗೂ ಒಂದೇ ಬಣ್ಣದ ದಾರ ಸುತ್ತಿ. ನೂರು ವರ್ಷ ಆದ ಮೇಲೆ ಇನ್ನೊಬ್ಬರು ಹಿಡಿ ಬಿಚ್ಚಿದರೆ ನಿಮ್ಮ ಕೆಲಸ ಬಿಚ್ಚಿಕೊಳ್ಳಬೇಕು, ನಿಕೋಲ್ ಅವರ ಕೆಲಸ ಹಾಗೇ ಸಿಗಬೇಕು. ಪ್ರತಿ ಕ್ಲಬ್ ಜೊತೆ ಒಂದು ಚೀಟಿ ಕೊಡಿ: ಯಾವುದು ಮೂಲದ್ದು, ಯಾವುದು ಬದಲಾಗಿದೆ, ಯಾವ ದೋಷವನ್ನು ಬೇಕೆಂದೇ ಹಾಗೇ ಬಿಟ್ಟಿದ್ದೀರಿ. ಕೈಬರಹದಲ್ಲಿ ಬರೆದು ಸಹಿ ಹಾಕಿ, ನಕಲು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಲೋಗೋ ಯಾರು ಬೇಕಾದರೂ ಮಾಡಿಸಬಹುದು. ಆ ಚೀಟಿಯಲ್ಲಿ ಬರೆದದ್ದು ಪ್ರತಿ ಸಲ ನಿಜ ಆಗಿದ್ದರೆ, ಜನ ಕ್ಲಬ್ ನೋಡುವ ಮುಂಚೆ ನಿಮ್ಮ ಚೀಟಿ ಕೇಳುತ್ತಾರೆ.

ಗಿರಾಕಿ ಯಾರು ಅನ್ನುವುದನ್ನೂ ಈಗಲೇ ತೀರ್ಮಾನ ಮಾಡಿ. ಗೋಡೆಗೆ ನೇತುಹಾಕುವವನು ಒಂದು ಕೊಂಡು ಸುಮ್ಮನಾಗುತ್ತಾನೆ. ಆಡುವವನು ಹಿಡಿ ಸವೆದಾಗ ಬರುತ್ತಾನೆ, ತಲೆ ಸಡಿಲವಾದಾಗ ಬರುತ್ತಾನೆ, ಗೆಳೆಯನನ್ನೂ ಕರೆತರುತ್ತಾನೆ. ನಿಮ್ಮಲ್ಲಿ 2005ರಿಂದ ವರ್ಲ್ಡ್ ಹಿಕರಿ ಓಪನ್ ನಡೆಯುತ್ತಿದೆ. ಮಸಲ್‌ಬರೋದ ಹಳೇ ಲಿಂಕ್ಸ್‌ನಲ್ಲಿ (ಕಡಲ ತೀರದ ಗಾಲ್ಫ್ ಮೈದಾನ) ಹಿಕರಿ ಕ್ಲಬ್ ಬಾಡಿಗೆಗೇ ಸಿಗುತ್ತವೆ. ಒಂದು ಸಲ ಬಾಡಿಗೆಗೆ ಆಡಿ ರುಚಿ ಹತ್ತಿದವನಿಗೆ ಸ್ವಂತ ಸೆಟ್ ಬೇಕಾಗುತ್ತದೆ. ಅವನೇ ನಿಮ್ಮ ಗಿರಾಕಿ.

ಅವನಿಗೆ ಹದಿನಾಲ್ಕು ಕ್ಲಬ್ ಬೇಡ. ಆ ಹದಿನಾಲ್ಕರ ಮಿತಿ ಬಂದದ್ದೇ 1938-39ರಲ್ಲಿ, ಸ್ಟೀಲ್ ಕಾವು ಬಂದು ಚೀಲ ಭಾರವಾದ ಮೇಲೆ. ಬ್ರಾಸಿ, ಮಿಡ್ ಐರನ್, ಮ್ಯಾಶಿ, ಮ್ಯಾಶಿ ನಿಬ್ಲಿಕ್, ನಿಬ್ಲಿಕ್, ಒಂದು ಪಟರ್. ಇಷ್ಟರಲ್ಲಿ ಧಾರಾಳವಾಗಿ ಆಡಬಹುದು. ಕಷ್ಟ ಏನೆಂದರೆ ಇವು ಬೇರೆ ಬೇರೆ ಅಟ್ಟಗಳಿಂದ ಬಂದವು. ಒಂದರ ಕಾವು ಬೆತ್ತದಂತೆ ಬಳುಕುತ್ತದೆ, ಇನ್ನೊಂದು ಜಗ್ಗುವುದೇ ಇಲ್ಲ. ಬಳುಕು ಹೊಂದುವ ಕ್ಲಬ್‌ಗಳನ್ನು ಆರಿಸಿ ಒಂದು ಸೆಟ್ ಮಾಡಿಕೊಟ್ಟರೆ ಅದಕ್ಕೆ ಬೆಲೆ. ಆಟಗಾರನಿಗೆ ಆ ಆಯ್ಕೆ ಮಾಡಿಕೊಳ್ಳಲು ಸಮಯವೂ ಇಲ್ಲ, ರಾಶಿ ಮಾಲೂ ಇಲ್ಲ. ನಿಮ್ಮ ಹತ್ತಿರ ಎರಡೂ ಇದೆ. ಬೆಲೆ ಹಾಕುವಾಗ ‘ಪುರಾತನ’ ಅಂತ ಹಾಕಬೇಡಿ, ನಿಮ್ಮ ಗಂಟೆಗಳಿಗೆ ಹಾಕಿ. ಸಾದಾ ಮ್ಯಾಶಿಗಳು ಲೋಕದಲ್ಲಿ ಬೇಕಾದಷ್ಟಿವೆ.

ಎರಡು ಎಚ್ಚರಿಕೆ. ಸ್ಟೀಲ್ ಕಾವಿಗೆ ಅಮೆರಿಕದಲ್ಲಿ 1924ರಲ್ಲಿ ಒಪ್ಪಿಗೆ ಸಿಕ್ಕಿತು, ಸೇಂಟ್ ಆಂಡ್ರೂಸ್‌ನ ಆರ್ ಅಂಡ್ ಎ (ಗಾಲ್ಫ್ ನಿಯಮ ಮಾಡುವ ಸಂಸ್ಥೆ) 1929ರಲ್ಲಿ ಒಪ್ಪಿತು. ಆದರೂ ಮರದ ಮೇಲಿನ ಮೋಹ ಹೋಗಲಿಲ್ಲ. 1930ರಲ್ಲಿ ಅಮೆರಿಕದ ಆಟಗಾರ ಬಾಬಿ ಜೋನ್ಸ್ ಗ್ರ್ಯಾಂಡ್ ಸ್ಲ್ಯಾಮ್ (ಒಂದೇ ವರ್ಷದಲ್ಲಿ ನಾಲ್ಕು ದೊಡ್ಡ ಪಂದ್ಯಾವಳಿ) ಗೆದ್ದದ್ದು ಹಿಕರಿಯಲ್ಲೇ. ಹಾಗಾಗಿ ಆ ಕಾಲದಲ್ಲಿ ಸ್ಟೀಲ್ ಕಾವಿನ ಮೇಲೆ ಮರದ ಬಣ್ಣದ, ಪೈರಾಟೋನ್ ಎಂಬ ಪ್ಲಾಸ್ಟಿಕ್ ಹೊದಿಕೆ ಹಾಕಿ ಮಾರಿದರು. ಅವನ್ನು ಇವತ್ತು ಹಿಕರಿ ಅಂತ ಮಾರುವವರಿದ್ದಾರೆ. ಸಂತೆಗೆ ಹೋಗುವಾಗ ಜೇಬಿನಲ್ಲಿ ಒಂದು ಮ್ಯಾಗ್ನೆಟ್ ಇರಲಿ. ಎರಡನೆಯದು, ಮುಖದಲ್ಲಿ ಆಳವಾದ ಕಾಲುವೆ ತೋಡಿದಂಥ ಗೀರುಗಳಿರುವ ಐರನ್‌ಗಳು. 1921ರಲ್ಲಿ ಜಾಕ್ ಹಚಿಸನ್ ಸೇಂಟ್ ಆಂಡ್ರೂಸ್‌ನಲ್ಲಿ ಅಂಥವುಗಳಿಂದ ಬ್ರಿಟಿಷ್ ಓಪನ್ ಪಂದ್ಯಾವಳಿ ಗೆದ್ದರು, ಆ ವರ್ಷವೇ ಆರ್ ಅಂಡ್ ಎ ಅವನ್ನು ನಿಷೇಧಿಸಿತು. ಸಂಗ್ರಹ ಮಾಡುವವರು ಇಷ್ಟಪಟ್ಟು ಕೊಳ್ಳುತ್ತಾರೆ. ಆಡುವವನಿಗೆ ಹೇಳದೆ ಕೊಡಬೇಡಿ.

ಮ್ಯಾಂಚೆಸ್ಟರ್ ವಕೀಲ:

ಕಾನೂನಿನ ಪ್ರಶ್ನೆಗೆ ಉತ್ತರಿಸುತ್ತೇನೆ. ಮೂಲ ಕಂಪನಿಯೇ ಒಂದು ಸಲ ಮಾರಿದ ಮಾಲನ್ನು ಅದೇ ಹೆಸರಿನೊಂದಿಗೆ ಮರುಮಾರಾಟ ಮಾಡುವುದು ಸಾಮಾನ್ಯವಾಗಿ ತಪ್ಪಲ್ಲ. ಬ್ರಿಟನ್ನಿನ 1994ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 12ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಆದರೆ ಅದರಲ್ಲೇ ಒಂದು ಕೊಕ್ಕೆ ಇದೆ. ಮಾಲಿನ ಸ್ಥಿತಿಯನ್ನು ಬದಲಿಸಿದ್ದರೆ ಅಥವಾ ಕೆಡಿಸಿದ್ದರೆ ಟ್ರೇಡ್‌ಮಾರ್ಕ್ ಮಾಲೀಕರು ಆಕ್ಷೇಪಿಸಬಹುದು. ಹಾಗಾಗಿ ರಾಯರು ಹೇಳಿದ ಚೀಟಿ ನಿಮ್ಮ ರಕ್ಷಣೆಯೂ ಹೌದು.

ಅಮೆರಿಕಕ್ಕೆ ಕಳಿಸುವುದಾದರೆ ಅಲ್ಲಿ ಎರಡು ತೀರ್ಪುಗಳಿವೆ. 1947ರಲ್ಲಿ ರಿಪೇರಿ ಮಾಡಿದ ಚಾಂಪಿಯನ್ ಸ್ಪಾರ್ಕ್ ಪ್ಲಗ್‌ಗಳ ಮೊಕದ್ದಮೆಯಲ್ಲಿ, ರಿಪೇರಿ ಮಾಡಿದ್ದು ಅಂತ ಸ್ಪಷ್ಟವಾಗಿ ನಮೂದಿಸಿದರೆ ಮೂಲ ಹೆಸರು ಇರಲಿ ಎಂದು ಸುಪ್ರೀಂ ಕೋರ್ಟ್ ಹೇಳಿತು. 2003ರ ತೀರ್ಪು ಗಾಲ್ಫಿನದೇ. ಬಳಸಿದ ಟೈಟ್‌ಲಿಸ್ಟ್ ಚೆಂಡುಗಳಿಗೆ ಹೊಸ ಬಣ್ಣ ಕೊಟ್ಟು ಮಾರುತ್ತಿದ್ದ ನೈಟ್ರೋ ಎಂಬ ಕಂಪನಿಯ ವಿರುದ್ಧ ಟೈಟ್‌ಲಿಸ್ಟ್ ತಯಾರಿಸುವ ಅಕುಶ್ನೆಟ್ ಕಂಪನಿ ಪ್ರಾಥಮಿಕ ತಡೆ (ಮೊಕದ್ದಮೆ ಮುಗಿಯುವವರೆಗೆ ಮಾರಾಟಕ್ಕೆ ತಡೆ) ಕೇಳಿತು, ಮೇಲ್ಮನವಿಯಲ್ಲೂ ಸಿಗಲಿಲ್ಲ. ಚೆಂಡಿನ ಮೇಲೆ ‘ಬಳಸಿದ್ದು, ಸರಿಪಡಿಸಿದ್ದು’ ಅಂತ ಅಚ್ಚು ಹಾಕಿದ್ದು ಅಲ್ಲಿ ನೆರವಾಯಿತು.

ನಿಮ್ಮ ಹೆಸರು ನೋಂದಾಯಿಸುವಾಗ ಕ್ರೀಡಾ ಸಾಮಗ್ರಿಯ 28ನೇ ವರ್ಗ, ರಿಪೇರಿ ಸೇವೆಯ 37ನೇ ವರ್ಗ ಎರಡನ್ನೂ ನೋಡಿ. ಹಳೇ ತಯಾರಕರ ಹೆಸರನ್ನು ನಿಮ್ಮ ಬ್ರ್ಯಾಂಡ್ ಹೆಸರಿನಲ್ಲಿ ಸೇರಿಸಬೇಡಿ. ಕಾರ್ಖಾನೆ ಮುಚ್ಚಿದ್ದರೂ ಹೆಸರನ್ನು ಬೇರೆ ಯಾರಾದರೂ ಕೊಂಡಿಟ್ಟುಕೊಂಡಿರಬಹುದು.

ಹೈಗ್ರೌಂಡ್ಸ್ ಹುಡುಗ:

ಅಕ್ಕಾ, ನಾನು ಬೆಂಗಳೂರಿನಲ್ಲಿ ಆಟಗಾರರ ಕ್ಲಬ್ ಚೀಲ ಹೊರುವ ಕ್ಯಾಡಿ ಆಗಿದ್ದೆ, ಈಗ ಗ್ರಿಪ್ ಹಾಕುವುದು, ಶಾಫ್ಟ್ ಬದಲಿಸುವುದು ಮಾಡುತ್ತೇನೆ. ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ 1876ರದ್ದು, ಕೋಲ್ಕತ್ತಾದ್ದು 1829ರದ್ದು. ಹಿಕರಿ ಇಷ್ಟಪಡುವವರು ಇಲ್ಲೂ ಸಿಗುತ್ತಾರೆ. ಒಂದು ವಿಷಯ ನೆನಪಿಡಿ. ನಿಮ್ಮ ತೇವದ ಗಾಳಿಯಲ್ಲಿ ಬಿಗಿಯಾಗಿದ್ದ ತಲೆ ನಮ್ಮ ಫೆಬ್ರವರಿ, ಮಾರ್ಚ್ ಒಣ ಹವೆಗೆ ಸಡಿಲವಾಗುತ್ತದೆ. ಮರ ಕುಗ್ಗುತ್ತೆ. ಗಿರಾಕಿ ಗಾಬರಿಯಾಗಿ ತಲೆಯನ್ನು ಬಕೆಟ್ ನೀರಲ್ಲಿ ಇಳಿಬಿಡುತ್ತಾನೆ. ಆ ಹೊತ್ತಿಗೆ ಉಬ್ಬಿ ಬಿಗಿಯಾಗುತ್ತೆ, ಒಣಗಿದ ಮೇಲೆ ಮೊದಲಿಗಿಂತ ಸಡಿಲ, ತಲೆಯನ್ನು ಕಾವಿಗೆ ಹಿಡಿದಿಡುವ ಒಳಗಿನ ಪಿನ್ನಿಗೂ ತುಕ್ಕು. ಏನು ಮಾಡಬಾರದು ಅಂತ ಆ ಚೀಟಿಯ ಹಿಂದೆ ಬರೆದುಬಿಡಿ.

ಇಲ್ಲಿಂದ ಹಳೇ ಕ್ಲಬ್ ತರಿಸುವ ಯೋಚನೆ ಇದ್ದರೆ ಹುಷಾರು. ನೂರು ವರ್ಷ ದಾಟಿದ ವಸ್ತುಗಳನ್ನು ದೇಶದಿಂದ ಹೊರಗೆ ಕಳಿಸಲು 1972ರ ಪುರಾವಸ್ತು ಕಾಯ್ದೆ ಅಡ್ಡ ಬರಬಹುದು. ಮೊದಲು ಪುರಾತತ್ವ ಇಲಾಖೆಯಲ್ಲಿ ವಿಚಾರಿಸಬೇಕು.

ಲೀವನ್ ಕನ್ನಡತಿ:

ರಾಯರೇ, ನೀವು ಬರೆದದ್ದನ್ನು ಪ್ರಿಂಟ್ ತೆಗೆದು ಕೆಲಸದ ಮೇಜಿನ ಎದುರು ಅಂಟಿಸಿದ್ದೇನೆ. ಡಿಸೈನರ್‌ಗೆ ಲೇಸರ್ ಬೇಡ ಅಂತ ಹೇಳಿ ಆಯಿತು. ಅವರ ಲೋಗೋ ಚೆನ್ನಾಗಿದೆ, ಅದನ್ನೇ ಸಣ್ಣ ಹಿತ್ತಾಳೆ ಅಚ್ಚು ಮಾಡಿಸಿ ಚರ್ಮದ ಮೇಲೆ ಒತ್ತುತ್ತೇನೆ. ದಾರಕ್ಕೆ ಕಡು ಹಸಿರು ಆರಿಸಿದೆ. ಆಡುವವರಿಗಾಗಿ ಆರು ಕ್ಲಬ್‌ಗಳ ಸೆಟ್, ಅದೊಂದೇ ಮಾರುವುದು ಅಂತ ತೀರ್ಮಾನ. ವಕೀಲರಿಗೂ ಹೈಗ್ರೌಂಡ್ಸ್ ತಮ್ಮನಿಗೂ ತುಂಬಾ ಧನ್ಯವಾದ. ನೀರಿನ ಬಕೆಟ್ ವಿಷಯ ಚೀಟಿಯಲ್ಲಿ ದಪ್ಪ ಅಕ್ಷರದಲ್ಲೇ ಬರುತ್ತದೆ.

ಇನ್ನೆರಡು ಪ್ರಶ್ನೆ. ಪರ್ಸಿಮನ್ ಮರದ ತಲೆಯ ಡ್ರೈವರ್‌ಗಳೂ (ದೂರ ಹೊಡೆಯುವ ಕ್ಲಬ್) ಬಹಳ ಬರುತ್ತವೆ, ಅವನ್ನೂ ಸೇರಿಸಲಾ? ಬಳುಕು ಹೊಂದಿಸುವುದು ಅಂದಿರಲ್ಲ, ಅದನ್ನು ಕೈ ಅಂದಾಜಿನಲ್ಲಿ ಮಾಡುತ್ತೀರಾ?

ಟೂಲ್‌ರೂಮ್ ರಾಯರು:

ಪರ್ಸಿಮನ್ ಈಗಲೇ ಬೇಡಮ್ಮ. ನನಗೆ ಅದರ ಮೇಲೇ ಪ್ರೀತಿ ಜಾಸ್ತಿ, ಆದರೂ ಬೇಡ ಅನ್ನುತ್ತೇನೆ. 1979ರಲ್ಲಿ ಟೇಲರ್‌ಮೇಡ್ ಲೋಹದ ತಲೆ ತಂದ ಮೇಲೂ ಪರ್ಸಿಮನ್ ಬಹಳ ವರ್ಷ ಬಾಳಿತು. ಬರ್ನ್‌ಹಾರ್ಡ್ ಲ್ಯಾಂಗರ್ 1993ರ ಮಾಸ್ಟರ್ಸ್ ಪಂದ್ಯಾವಳಿ ಗೆದ್ದದ್ದು ಪರ್ಸಿಮನ್ ಡ್ರೈವರ್‌ನಲ್ಲಿ. ಆದರೆ ಅದರ ಕೆಲಸವೇ ಬೇರೆ. ಅಡಿ ತಗಡಿನ ಸ್ಕ್ರೂ, ಅದರೊಳಗಿನ ಸೀಸ, ಮುಖದಲ್ಲಿ ಕೂರಿಸಿದ ತುಂಡು (ಇನ್ಸರ್ಟ್), ಕತ್ತಿನ ಬಿರುಕು ಎಲ್ಲ ನೋಡಬೇಕು. ಅದರ ಗಿರಾಕಿಯೂ ಬೇರೆ, ಅವನಿಗೆ ಸ್ಟೀಲ್ ಶಾಫ್ಟ್ ಕಾಲದ ನೆನಪು ಬೇಕು. ಹಿಕರಿ ಸೆಟ್ಟಿಗೆ ಹೆಸರು ಬರಲಿ, ಆಮೇಲೆ ನೋಡೋಣ.

ಬಳುಕನ್ನು ಕೈ ಅಂದಾಜಿಗೆ ಬಿಡಬೇಡಿ, ಅಳೆಯಿರಿ. ಹಿಡಿಯ ತುದಿಯನ್ನು ಒಂದೇ ಅಳತೆಗೆ ವೈಸ್‌ನಲ್ಲಿ ಕಚ್ಚಿಸಿ, ಮಧ್ಯೆ ಬಟ್ಟೆಯೋ ಮೆದು ಮರವೋ ಇರಲಿ. ಕಾವು ಅಡ್ಡಲಾಗಿರಲಿ. ಪಕ್ಕದಲ್ಲಿ ಒಂದು ಸ್ಕೇಲ್ ನಿಲ್ಲಿಸಿ. ಹಿಡಿಯ ತುದಿಯಿಂದ ಇಷ್ಟೇ ದೂರ ಅಂತ ಒಂದು ಗುರುತು ಮಾಡಿಕೊಂಡು ಅಲ್ಲಿ ತೂಕದ ಕಲ್ಲು ನೇತುಹಾಕಿ, ಎಷ್ಟು ಕೆಳಗೆ ಬಾಗಿತು ಬರೆದುಕೊಳ್ಳಿ. ತೂಕ ಎಷ್ಟು ಅನ್ನುವುದು ಮುಖ್ಯವಲ್ಲ, ಎಲ್ಲಾ ಕ್ಲಬ್‌ಗೂ ಅದೇ ತೂಕ, ಅದೇ ಜಾಗ ಇರಬೇಕು. ತಲೆಯ ಮುಖ ಮೇಲೆ ಮಾಡಿ ಒಂದು ಸಲ, ಪಕ್ಕಕ್ಕೆ ತಿರುಗಿಸಿ ಒಂದು ಸಲ ಅಳೆಯಿರಿ. ಹಿಕರಿಯ ಎಳೆ ಹೋಗುವ ದಿಕ್ಕಿನ ಮೇಲೆ ಎರಡೂ ಅಂಕಿ ಬೇರೆ ಬರುತ್ತವೆ. ಎರಡನ್ನೂ ಚೀಟಿಯಲ್ಲಿ ಬರೆಯಿರಿ. ಮುಂದೆ ಆ ಗಿರಾಕಿ ಸೆಟ್ಟಿಗೆ ಸ್ಪೂನ್ ಅನ್ನುವ ಕ್ಲಬ್ ಒಂದು ಬೇಕು ಅಂತ ಬಂದರೆ, ಆ ಅಂಕಿಗೆ ಹೊಂದುವ ಕಾವನ್ನು ನಿಮ್ಮ ರಾಶಿಯಿಂದ ಹುಡುಕಿಕೊಡಬಹುದು.